ವಾಡಿಯ ಸಿಮೆಂಟ್, ಬೆಂಗಳೂರಿನ ಗೋದಾಮು: ಗೂಡ್ಸ್ ರೈಲಿನ ಇಂಗಾಲದ ಲೆಕ್ಕ ಹಾಕುವ ಬಗೆ

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ವ್ಯಾಗನ್ ಹತ್ತಿದ ಒಂದು ಟನ್ ಸಿಮೆಂಟ್ ಸುಮಾರು 500 ಕಿ.ಮೀ. ಉರುಳಿ ಬೆಂಗಳೂರಿನ ಗೂಡ್ಸ್ ಶೆಡ್ಡಿಗೆ ಬರುವಷ್ಟರಲ್ಲಿ ಅದರ ತಲೆಗೆ ಬೀಳುವ ಇಂಗಾಲ 5 ಕಿಲೋ ಆಸುಪಾಸು. ಅದೇ ಸಿಮೆಂಟನ್ನು ಶೆಡ್ಡಿನಿಂದ 35 ಕಿ.ಮೀ. ಆಚೆಯ ಗೋದಾಮಿಗೆ ಮುಟ್ಟಿಸಿ ಲಾರಿ ಖಾಲಿ ವಾಪಸಾದರೆ ಮತ್ತೆ ಎರಡೂವರೆ ಕಿಲೋ. ದೂರ ಹದಿನಾಲ್ಕರಲ್ಲಿ ಒಂದು ಪಾಲು, ಹೊಗೆ ಅರ್ಧ ಪಾಲು. ರೈಲು ಸಾಗಣೆಯಿಂದ ಒಂದು ಪ್ರದೇಶದ ಇಂಗಾಲ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಳಿಯ ಮೇಲೆ ಇರುವಷ್ಟೇ ಹಳಿಯ ಎರಡು ತುದಿಗಳಲ್ಲೂ ಇದೆ. ಪ್ರಚಾರದ ಹಲಗೆಗಳಲ್ಲಿ ಕಾಣುವ ‘ರೈಲು ಇಷ್ಟು ಪಟ್ಟು ಹಸಿರು’ ಎಂಬ ಒಂದೇ ಅಂಕಿ ಈ ತುದಿಗಳನ್ನು ನುಂಗಿಬಿಡುತ್ತದೆ.

ಈ ಲೆಕ್ಕ ಬೇಕಾಗುವವರು ಹಲವರು: ದೊಡ್ಡ ಗಿರಾಕಿಯಿಂದ ‘ನಿಮ್ಮ ಸಾಗಣೆಯ ಹೊಗೆ ಎಷ್ಟು’ ಎಂಬ ಪತ್ರ ಬಂದಿರುವ ಸಣ್ಣ ಕಾರ್ಖಾನೆಯವರು, ಜಿಲ್ಲೆಯ ಹವಾಮಾನ ಯೋಜನೆ ಬರೆಯುವವರು, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು. ವಾಡಿ–ಬೆಂಗಳೂರು ಸಿಮೆಂಟ್ ಇಲ್ಲಿ ಉದಾಹರಣೆ ಮಾತ್ರ. ನಿಮ್ಮ ಸರಕು ಗೊಬ್ಬರವೋ ಉಕ್ಕಿನ ಸುರುಳಿಯೋ ಆದರೆ ಅಂಕಿಗಳನ್ನು ಬದಲಿಸಿ, ದಾರಿ ಇದೇ. ‘ಇಂಗಾಲ’ ಎಂದಲ್ಲೆಲ್ಲ ಇಂಗಾಲದ ಡೈಆಕ್ಸೈಡ್ ಎಂದೇ ಓದಿಕೊಳ್ಳಿ. ಕೊನೆಯಲ್ಲಿ ಕಾಡಿನ ಮಾತು ಬರುವಾಗ ಮಾತ್ರ ಈ ಎರಡನ್ನೂ ಬೇರೆ ಮಾಡಬೇಕಾಗುತ್ತದೆ.

1. ಮೊದಲು ಬೇಲಿ ಹಾಕಿಕೊಳ್ಳಿ

ಎರಡು ಬೇಲಿಗಳು ಬೇಕು. ಮೊದಲನೆಯದು ಇಂಧನದ್ದು. ಡೀಸೆಲ್ ಎಂಜಿನ್ನಿನಲ್ಲಿ ಉರಿದಾಗ ಬರುವ ಹೊಗೆಯನ್ನಷ್ಟೇ ಹಿಡಿಯುತ್ತೀರೋ, ಕಚ್ಚಾ ತೈಲ ತೆಗೆದು ಸಂಸ್ಕರಿಸುವಾಗ ಬಂದದ್ದನ್ನೂ ಸೇರಿಸುತ್ತೀರೋ? ಮೊದಲ ಬಗೆಯಲ್ಲಿ ಲೀಟರ್ ಡೀಸೆಲ್‌ಗೆ 2.64 ಕಿಲೋ. ಇದನ್ನು ನೀವೇ ತೆಗೆಯಬಹುದು: ಒಂದು ಕಿಲೋ ಡೀಸೆಲ್‌ನಲ್ಲಿ 43 ಮೆಗಾಜೂಲ್ ಶಕ್ತಿ, ಮೆಗಾಜೂಲ್ ಒಂದಕ್ಕೆ 74.1 ಗ್ರಾಂ ಇಂಗಾಲ, ಲೀಟರಿನ ತೂಕ 0.83 ಕಿಲೋ; ಮೂರನ್ನೂ ಗುಣಿಸಿ. ಎರಡನೆಯ ಬಗೆಯಲ್ಲಿ ಅದು ಸುಮಾರು 3.2 ಕಿಲೋ ಆಗುತ್ತದೆ. ಸಾಗಣೆಯ ಹೊಗೆ ಲೆಕ್ಕಕ್ಕೆಂದೇ 2023ರಲ್ಲಿ ಬಂದ ಐಎಸ್‌ಒ 14083 ಮಾನದಂಡ ಎರಡನೆಯದನ್ನೇ ಕೇಳುತ್ತದೆ. ಕೆಳಗಿನ ಲೆಕ್ಕ ಮೊದಲ ಬಗೆಯದು, ಕೈಯಲ್ಲೇ ಪರೀಕ್ಷಿಸಲು ಸುಲಭ ಎಂಬ ಕಾರಣಕ್ಕೆ. ಒಂದು ಕಡೆ 2.64, ಇನ್ನೊಂದು ಕಡೆ 3.2 ಹಾಕಿ ಹೋಲಿಸುವುದು ಮಾತ್ರ ಶುದ್ಧ ಮೋಸ. ಗೊತ್ತಿಲ್ಲದೆ ಹಾಗೆ ಮಾಡಿದ ವರದಿಗಳು ಬೇಕಾದಷ್ಟಿವೆ.

ಎರಡನೆಯ ಬೇಲಿ ನೆಲದ್ದು. ಜಿಲ್ಲೆಯ ಗಡಿಯೊಳಗೆ ಹೊರಬಿದ್ದ ಹೊಗೆಯೋ, ಜಿಲ್ಲೆಗಾಗಿ ಎಲ್ಲೋ ಹೊರಬಿದ್ದ ಹೊಗೆಯೋ? ವಿದ್ಯುತ್ ರೈಲಿನ ಮಟ್ಟಿಗೆ ಈ ಎರಡೂ ಉತ್ತರ-ದಕ್ಷಿಣ. ಎಂಜಿನ್ನಿಗೆ ಚಿಮಣಿಯೇ ಇಲ್ಲ. ಅದರ ಚಿಮಣಿ ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಇದೆ. ಬೆಂಗಳೂರಿನ ಗಡಿಯೊಳಗಿನ ಪಟ್ಟಿಯಲ್ಲಿ ಈ ರೈಲಿನ ಹೊಗೆ ಸೊನ್ನೆ, ರಾಯಚೂರಿನ ಪಟ್ಟಿಯಲ್ಲಿ ಬೇರೆಯವರ ಸಿಮೆಂಟಿನ ಹೊಗೆ. ಹಾಗಾಗಿ ಎರಡೂ ಪಟ್ಟಿ ಬರೆದು, ಯಾವುದು ಯಾವುದು ಎಂದು ಹೆಸರು ಹಾಕಿಡುವುದು ಒಳ್ಳೆಯದು.

2. ತೂಕ ಮತ್ತು ದೂರ: ಆರ್‌ಆರ್ ಕೈಯಲ್ಲಿರಲಿ

ರೈಲ್ವೆ ರಸೀದಿ, ಅಂದರೆ ಎಲ್ಲರ ಬಾಯಲ್ಲಿ ಆರ್‌ಆರ್, ಈ ಲೆಕ್ಕದ ಜಾತಕವಿದ್ದಂತೆ. ವ್ಯಾಗನ್‌ಗಳ ಸಂಖ್ಯೆ, ನಮೂನೆ, ತೂಕ, ದರ ಕಟ್ಟಿದ ದೂರ ಎಲ್ಲವೂ ಅದರಲ್ಲಿವೆ. ಎರಡು ಕಡೆ ಎಚ್ಚರ ಬೇಕು. ಒಂದು, ದರ ಕಟ್ಟಿದ ತೂಕ ಬೇರೆ, ವೇಬ್ರಿಡ್ಜ್ ತೋರಿಸಿದ ತೂಕ ಬೇರೆ. ವ್ಯಾಗನ್ ಪೂರ್ತಿ ತುಂಬದಿದ್ದರೂ ದರ ಪೂರ್ತಿ ತೂಕಕ್ಕೆ ಬಿದ್ದಿರಬಹುದು. ಇಂಗಾಲದ ಲೆಕ್ಕಕ್ಕೆ ಬೇಕಾದದ್ದು ನಿಜವಾಗಿ ಏರಿದ ತೂಕ. ಎರಡು, ದರದ ದೂರವೂ ಗಾಡಿ ಓಡಿದ ದೂರವೂ ಒಂದೇ ಆಗಿರಬೇಕಿಲ್ಲ. ಲೈನ್ ಒತ್ತಡದಿಂದ ಗಾಡಿಯನ್ನು ಬೇರೆ ಮಾರ್ಗದಲ್ಲಿ ತಿರುಗಿಸಿದ್ದರೆ ಆ ಹೆಚ್ಚಿನ ಕಿ.ಮೀ. ರಸೀದಿಯಲ್ಲಿ ಕಾಣಿಸದೆ ಹೋಗಬಹುದು.

ಈಗ ಉದಾಹರಣೆಯ ರೇಕ್, ಅಂದರೆ ಒಟ್ಟಿಗೆ ಓಡುವ ವ್ಯಾಗನ್‌ಗಳ ಒಂದು ಪೂರ್ತಿ ಸಾಲು, ಕಟ್ಟೋಣ. ಸಿಮೆಂಟ್, ಗೊಬ್ಬರ, ಧಾನ್ಯಕ್ಕೆ ಬಳಸುವ ಮುಚ್ಚಿದ ವ್ಯಾಗನ್ ಬಿಸಿಎನ್‌ಎಚ್‌ಎಲ್; ಒಂದು ರೇಕಿಗೆ 58. ಖಾಲಿ ವ್ಯಾಗನ್ ಸುಮಾರು 20.8 ಟನ್. ಒಟ್ಟು 3,900 ಟನ್ ಸಿಮೆಂಟ್ ಏರಿದೆ ಎಂದಿಟ್ಟುಕೊಳ್ಳಿ. ಬ್ರೇಕ್ ವ್ಯಾನ್ ಸೇರಿ ಖಾಲಿ ರೇಕ್ 1,220 ಟನ್, ತುಂಬಿದ ರೇಕ್ 5,120 ಟನ್. ಅಂದರೆ ಒಂದು ಟನ್ ಸಿಮೆಂಟಿಗೆ ಎಂಜಿನ್ ಎಳೆಯುವುದು 1.31 ಟನ್. ಈ 1.31 ಅನ್ನು ನೆನಪಿಡಿ, ಏರಿನ ಲೆಕ್ಕದಲ್ಲಿ ಮತ್ತೆ ಬೇಕು.

3. ಎಳೆಯುವ ಶಕ್ತಿ

ರೈಲ್ವೆಯವರು ಶಕ್ತಿಯನ್ನು ಅಳೆಯುವುದು ಸಾವಿರ ಒಟ್ಟು ಟನ್-ಕಿ.ಮೀ.ಗೆ. ಒಂದು ಟನ್ ತೂಕ ಒಂದು ಕಿ.ಮೀ. ಸಾಗಿದರೆ ಒಂದು ಟನ್-ಕಿ.ಮೀ.; ಇಲ್ಲಿ ‘ಒಟ್ಟು’ ಎಂದರೆ ವ್ಯಾಗನ್ ತೂಕವೂ ಸೇರಿದ್ದು. ನಮ್ಮ ಗೂಡ್ಸ್ ಗಾಡಿಗಳಿಗೆ ವಿದ್ಯುತ್ ಎಳೆತದಲ್ಲಿ ಇದು ಸುಮಾರು 6 ಯೂನಿಟ್, ಡೀಸೆಲ್‌ನಲ್ಲಿ ಸುಮಾರು 2 ಲೀಟರ್. ವಿಭಾಗದ ಕಚೇರಿಯಿಂದ ಆ ಮಾರ್ಗದ್ದೇ ಅಂಕಿ ಸಿಕ್ಕರೆ ಇವನ್ನು ಕೈಬಿಟ್ಟು ಅದನ್ನೇ ಹಾಕಿ.

ಖಾಲಿ ರೇಕಿಗೆ ಅದೇ ದರ ಹಾಕಬೇಡಿ. ಗಾಳಿಯ ತಡೆ, ಗಾಲಿ-ಬೇರಿಂಗ್‌ಗಳ ತಡೆ ವ್ಯಾಗನ್ ಖಾಲಿಯಾದ ಮಾತ್ರಕ್ಕೆ ಅಷ್ಟೇನೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಟನ್ನಿಗೆ ಹಿಡಿದರೆ ಖಾಲಿ ಗಾಡಿ ಹೆಚ್ಚು ತಿನ್ನುತ್ತದೆ. ಮೂರನೇ ಒಂದು ಪಾಲು ಹೆಚ್ಚಿಗೆ, ಅಂದರೆ 8 ಯೂನಿಟ್ ಅಥವಾ 2.7 ಲೀಟರ್ ಹಿಡಿದರೆ ನ್ಯಾಯವಾದ ಅಂದಾಜು.

ವಿದ್ಯುತ್ ಎಂಜಿನ್: ಹೋಗುವಾಗ 5,120 ಟನ್ × 500 ಕಿ.ಮೀ. = 25.6 ಲಕ್ಷ ಒಟ್ಟು ಟನ್-ಕಿ.ಮೀ., ಅದಕ್ಕೆ 15,360 ಯೂನಿಟ್. ಖಾಲಿ ಬರುವಾಗ 6.1 ಲಕ್ಷ ಟನ್-ಕಿ.ಮೀ., 4,880 ಯೂನಿಟ್. ಒಟ್ಟು 20,240. ತಂತಿಯಲ್ಲಿ ಸೋರುವ ಶೇ. 4 ಸೇರಿಸಿದರೆ ಸುಮಾರು 21,080 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಗ್ರಿಡ್ ಗುಣಾಂಕ, ಅಂದರೆ ಒಂದು ಯೂನಿಟ್ ವಿದ್ಯುತ್ತಿಗೆ ಬೀಳುವ ಇಂಗಾಲ, ಈಚಿನ ವರ್ಷಗಳಲ್ಲಿ ಯೂನಿಟ್‌ಗೆ 0.72 ಕಿಲೋ ಆಸುಪಾಸಿನಲ್ಲಿದೆ. ಗುಣಿಸಿದರೆ 15.2 ಟನ್ ಇಂಗಾಲ, ಟನ್ ಸಿಮೆಂಟಿಗೆ 3.9 ಕಿಲೋ; ಸಿಮೆಂಟಿನ ಟನ್-ಕಿ.ಮೀ.ಗೆ 7.8 ಗ್ರಾಂ.

ಡೀಸೆಲ್ ಎಂಜಿನ್: 5,120 + 1,647 = 6,767 ಲೀಟರ್, 17.9 ಟನ್ ಇಂಗಾಲ. ಟನ್ ಸಿಮೆಂಟಿಗೆ 4.6 ಕಿಲೋ.

ಇಲ್ಲಿ ಹಲವರು ಹುಬ್ಬೇರಿಸುತ್ತಾರೆ: 4.6ರಿಂದ 3.9ಕ್ಕೆ, ಇಷ್ಟೇನಾ ವಿದ್ಯುದೀಕರಣದ ಲಾಭ? ಇವತ್ತಿನ ಮಟ್ಟಿಗೆ ಹೌದು. ತಂತಿಯ ಆಚೆ ತುದಿಯಲ್ಲಿ ಕಲ್ಲಿದ್ದಲೇ ಹೆಚ್ಚು ಉರಿಯುತ್ತಿರುವಾಗ ಇದಕ್ಕಿಂತ ಹೆಚ್ಚು ಬರುವುದಿಲ್ಲ. ಲಾಭ ಬರುವುದು ಮುಂದೆ. ಗ್ರಿಡ್ ಗುಣಾಂಕ 0.5ಕ್ಕೆ ಇಳಿದ ದಿನ, ಅದೇ ಎಂಜಿನ್ ಅದೇ ಹಳಿಯ ಮೇಲೆ 2.8 ಕಿಲೋಗಿಂತ ಕೆಳಗೆ ಬರುತ್ತದೆ. ಡೀಸೆಲ್ ಎಂಜಿನ್ ಮಾತ್ರ 4.6ರಲ್ಲೇ ಕೂತಿರುತ್ತದೆ.

ಕರ್ನಾಟಕದಲ್ಲಿ ಗಾಳಿ, ಬಿಸಿಲು, ನೀರಿನ ವಿದ್ಯುತ್ ಹೇರಳ, ಹಾಗಾಗಿ ನಮ್ಮ ರಾಜ್ಯಕ್ಕೇ ಕಡಿಮೆ ಗುಣಾಂಕ ಹಾಕಿಕೊಳ್ಳುತ್ತೇವೆ ಎಂಬ ಆಸೆ ಸಹಜ. ಹಾಕಬೇಡಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲನೆಗೊಂಡು ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂತು. ಅಂದಿನಿಂದ ಇಡೀ ದೇಶ ಒಂದೇ ಕೆರೆ. ನಿಮ್ಮ ಎಂಜಿನ್ ಕುಡಿದದ್ದು ಪಾವಗಡದ ಬಿಸಿಲೋ ತಾಲ್ಚೇರಿನ ಕಲ್ಲಿದ್ದಲೋ ಎಂದು ಹೇಳಲು ಬರುವುದಿಲ್ಲ. ರೈಲ್ವೆ ಆ ಮಾರ್ಗಕ್ಕೆ ಪ್ರತ್ಯೇಕ ಒಪ್ಪಂದದಿಂದ ನವೀಕರಿಸಬಹುದಾದ ವಿದ್ಯುತ್ ಕೊಂಡ ದಾಖಲೆ ಇದ್ದರೆ ಅದನ್ನು ಎರಡನೇ ಸಾಲಾಗಿ ಬರೆಯಿರಿ, ಮೊದಲ ಸಾಲನ್ನು ಅಳಿಸಬೇಡಿ.

4. ಏರು

ಈ ಹೆಜ್ಜೆಯನ್ನು ಬಿಟ್ಟವರೇ ಹೆಚ್ಚು. ಸರಾಸರಿ 6 ಯೂನಿಟ್ ಎಂಬುದು ಏರಿಳಿತ ಸರಿದೂಗಿದ ದೇಶದ ಸರಾಸರಿ. ವಾಡಿಗಿಂತ ಬೆಂಗಳೂರು 400 ಮೀಟರಿಗೂ ಎತ್ತರದಲ್ಲಿದೆ, ಮತ್ತು ತುಂಬಿದ ಗಾಡಿ ಹತ್ತುತ್ತದೆ, ಖಾಲಿ ಗಾಡಿ ಇಳಿಯುತ್ತದೆ. ಸರಾಸರಿ ಅಂಕಿಗೆ ಈ ವಿಷಯ ಗೊತ್ತಿಲ್ಲ.

ಒಂದು ಟನ್ ತೂಕವನ್ನು 100 ಮೀಟರ್ ಎತ್ತಲು ಬೇಕಾದ ಶಕ್ತಿ 0.27 ಯೂನಿಟ್. ಟ್ರಾನ್ಸ್‌ಫಾರ್ಮರ್, ಮೋಟಾರುಗಳಲ್ಲಿ ಕಳೆಯುವುದನ್ನು ಸೇರಿಸಿದರೆ 0.33. ಸಿಮೆಂಟ್ ಜೊತೆ ವ್ಯಾಗನ್ನನ್ನೂ ಎತ್ತಬೇಕಲ್ಲ, 1.31ರಿಂದ ಗುಣಿಸಿ. ತಂತಿಯ ಸೋರಿಕೆ, ಗ್ರಿಡ್ ಗುಣಾಂಕ ಹಾಕಿದರೆ ಪ್ರತಿ 100 ಮೀಟರಿಗೆ ಟನ್ ಸಿಮೆಂಟಿಗೆ ಸುಮಾರು 0.33 ಕಿಲೋ ಇಂಗಾಲ. ಬಾಯಿಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ನೂರು ಮೀಟರ್ ಏರು ಎಂದರೆ ಬಯಲಿನಲ್ಲಿ 42 ಕಿ.ಮೀ. ಓಟ. ನಮ್ಮ ಉದಾಹರಣೆಗೆ 400 ಮೀಟರಿಗೆ 1.3 ಕಿಲೋ, 3.9 ಇದ್ದದ್ದು 5.2 ಆಯಿತು.

ಪಶ್ಚಿಮ ಘಟ್ಟದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟ್ 50ಕ್ಕೆ 1ರ ಏರು, ಅಂದರೆ 50 ಮೀಟರ್ ಓಟಕ್ಕೆ 1 ಮೀಟರ್ ಎತ್ತರ. ಕ್ಯಾಸಲ್‌ರಾಕ್–ಕುಳೆಂ ಘಾಟ್ ಇನ್ನೂ ಕಡಿದು, 37ಕ್ಕೆ 1. ಇಲ್ಲಿ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್‌ಗಳು ಬೇಕು, ಭಾರದ ಗಾಡಿಯನ್ನು ತುಂಡು ಮಾಡಿ ಏರಿಸಬೇಕಾಗಬಹುದು, ಏರಿಸಿದ ಬ್ಯಾಂಕರ್ ಮತ್ತೆ ಖಾಲಿ ಇಳಿಯಬೇಕು. ಈ ಎಂಜಿನ್‌ಗಳ ಓಟ ಆರ್‌ಆರ್‌ನಲ್ಲಿ ಬರುವುದಿಲ್ಲ. ಹಾಗಾಗಿ ನವಮಂಗಳೂರು ಬಂದರಿನಿಂದ ಹಾಸನದ ಕಡೆಗೆ ಏರುವ ಗೊಬ್ಬರದ ಲೆಕ್ಕವೂ ಬಂದರಿಗೆ ಇಳಿಯುವ ಅದಿರಿನ ಲೆಕ್ಕವೂ ಬೇರೆ ಬೇರೆ ಇರಬೇಕು. ಇಳಿಯುವ ಗಾಡಿಗೆ ಡಬ್ಲ್ಯುಎಜಿ-9ರಂಥ ತ್ರೀ-ಫೇಸ್ ವಿದ್ಯುತ್ ಎಂಜಿನ್ ಇದ್ದರೆ ಬ್ರೇಕ್ ಹಿಡಿಯುವಾಗ ಒಂದಷ್ಟು ವಿದ್ಯುತ್ತು ತಂತಿಗೆ ವಾಪಸ್ ಹೋಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅಷ್ಟೂ ಬಿಸಿಗಾಳಿಯಾಗಿ ಹಾರಿಹೋಗುತ್ತದೆ.

ಲಾರಿಗೂ ಶಿರಾಡಿ ಘಾಟ್ ಇದ್ದೇ ಇದೆ, ಅದನ್ನು ಮರೆಯಬಾರದು. ವ್ಯತ್ಯಾಸ ಇಷ್ಟೆ: ಚಾಲಕ ಹೇಳುವ ಮೈಲೇಜಿನಲ್ಲಿ ಆ ಏರು ಆಗಲೇ ಸೇರಿರುತ್ತದೆ, ರೈಲಿನ ಸರಾಸರಿಯಲ್ಲಿ ಸೇರಿರುವುದಿಲ್ಲ. ರೈಲಿಗೆ ಸೇರಿಸಿ, ಲಾರಿಗೆ ಎರಡನೇ ಸಲ ಸೇರಿಸಬೇಡಿ.

5. ಕೆಂಪು ಸಿಗ್ನಲ್ಲಿನ ಬೆಲೆ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಈ ತುಂಬಿದ ಗಾಡಿಯನ್ನು ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತರಲು ಸುಮಾರು 250 ಯೂನಿಟ್ ಬೇಕು. ಅಂದರೆ 187 ಕಿಲೋ ಇಂಗಾಲ, ಒಂದೇ ಒಂದು ನಿಲುಗಡೆಗೆ. ಡೀಸೆಲ್ ಎಂಜಿನ್ ಆದರೆ 60 ಲೀಟರ್ ಆಸುಪಾಸು. ಒಂಟಿ ಹಳಿಯ ಮಾರ್ಗದಲ್ಲಿ ಎದುರು ಗಾಡಿಗೆ ದಾರಿ ಬಿಡಲು, ಹಿಂದಿನ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿ ಹತ್ತು ಕಡೆ ನಿಂತರೆ ಟನ್ ಸಿಮೆಂಟಿಗೆ ಅರ್ಧ ಕಿಲೋ ಇದರಲ್ಲೇ ಹೋಯಿತು. ಜೋಡಿ ಹಳಿಯ ಲಾಭ ಹೇಳುವಾಗ ಸಮಯದ ಉಳಿತಾಯವನ್ನಷ್ಟೇ ಹೇಳುವ ವರದಿಗಳು ಈ ಪಾಲನ್ನು ಬಿಟ್ಟುಬಿಡುತ್ತವೆ.

ಆದರೆ ಈ ಅರ್ಧ ಕಿಲೋವನ್ನು ಹಿಂದಿನ 5.2ಕ್ಕೆ ಕೂಡಿಸಬೇಡಿ. ಸರಾಸರಿ 6 ಯೂನಿಟ್‌ನಲ್ಲಿ ಸಾಮಾನ್ಯ ನಿಲುಗಡೆಗಳು ಸೇರಿಯೇ ಇವೆ. ಒಂದು ಮಾರ್ಗ ಜೋಡಿಯಾದ ಮೊದಲು-ನಂತರ ಹೋಲಿಸುವಾಗ ಮಾತ್ರ ಇದನ್ನು ಬಳಸಿ.

6. ಶೆಡ್ಡಿನಿಂದ ಗೋದಾಮಿಗೆ

3,900 ಟನ್ ಇಳಿಸಿಕೊಳ್ಳಲು ಹತ್ತು ಚಕ್ರದ ಲಾರಿ, ಸಲಕ್ಕೆ 18 ಟನ್: 217 ಟ್ರಿಪ್. ಊರೊಳಗಿನ ದಟ್ಟಣೆಯಲ್ಲಿ ತುಂಬಿದ ಲಾರಿ ಲೀಟರಿಗೆ 3.5, ಖಾಲಿ ಲಾರಿ 4.5 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. 35 ಕಿ.ಮೀ.ಗೆ ಹೋಗಲು 10, ಬರಲು 7.8, ಒಟ್ಟು 17.8 ಲೀಟರ್, 47 ಕಿಲೋ ಇಂಗಾಲ, ಟನ್ನಿಗೆ 2.6 ಕಿಲೋ.

ಸುಧಾರಣೆಗೆ ಜಾಗ ಇರುವುದೂ ಇಲ್ಲೇ. 35 ಕಿ.ಮೀ. ದೂರದ ಶೆಡ್ ಬಿಟ್ಟು 15 ಕಿ.ಮೀ. ದೂರದಲ್ಲೇ ಇರುವ ಶೆಡ್ಡಿಗೆ ರೇಕ್ ತರಿಸಿಕೊಂಡರೆ ಟನ್ನಿಗೆ ಒಂದೂವರೆ ಕಿಲೋ ಉಳಿಯುತ್ತದೆ. ರೈಲು ಓಟದಲ್ಲಿ ಅಷ್ಟು ಉಳಿಸಬೇಕಾದರೆ ಹಳಿಯನ್ನು 190 ಕಿ.ಮೀ. ಕುಗ್ಗಿಸಬೇಕು! ಬೆಂಗಳೂರಿನ ಪಶ್ಚಿಮ ಭಾಗದ ಗೋದಾಮಿಗೆ ವೈಟ್‌ಫೀಲ್ಡಿನಲ್ಲಿ ಸರಕು ಇಳಿಸಿಕೊಂಡು ನಗರ ದಾಟಿಸುವವರು ಇಂಡೆಂಟ್ (ರೇಕಿಗೆ ಬೇಡಿಕೆ) ಹಾಕುವ ಮೊದಲು ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಸಾಧ್ಯತೆಯನ್ನೂ ವಿಚಾರಿಸಿ.

ಇನ್ನೊಂದು ಸೋರಿಕೆ ಶೆಡ್ಡಿನ ಬಾಗಿಲಲ್ಲಿದೆ. ರೇಕ್ ಬಂದ ಗಳಿಗೆಯಿಂದ ಡೆಮರೇಜ್ (ಇಳಿಸುವುದು ತಡವಾದರೆ ಬೀಳುವ ದಂಡ) ಗಡಿಯಾರ ಓಡುತ್ತದೆ, ಎಲ್ಲರೂ ಒಟ್ಟಿಗೆ ಲಾರಿ ಕಳಿಸುತ್ತಾರೆ, ಸಾಲು ಬೆಳೆಯುತ್ತದೆ. ಇಂಚಿಂಚು ಸರಿಯುವ ಸಾಲಿನಲ್ಲಿ ಎಂಜಿನ್ ಆರಿಸುವವರು ಕಡಿಮೆ. ಗಂಟೆಗೆ 2 ಲೀಟರಿನಂತೆ ಎರಡು ಗಂಟೆ ನಿಂತರೆ ಟನ್ನಿಗೆ 0.6 ಕಿಲೋ. ಲಾರಿಗಳಿಗೆ ಸಮಯ ಹಂಚಿ ಟೋಕನ್ ಕೊಡುವುದು, ಹಮಾಲಿಗಳ ತಂಡವನ್ನು ರಾತ್ರಿ ಪಾಳಿಗೂ ಹೊಂದಿಸುವುದು, ಶೆಡ್ಡಿಗೆ ದೀಪ-ಕಾಂಕ್ರೀಟ್ ನೆಲ ಹಾಕಿಸುವುದು: ಇವೆಲ್ಲ ಹವಾಮಾನ ಕ್ರಮಗಳೇ, ಯಾವ ಹವಾಮಾನ ಯೋಜನೆಯಲ್ಲೂ ಹೆಸರಿಲ್ಲದಿದ್ದರೂ.

ವಾಡಿ ತುದಿಯಲ್ಲಿ ಕಾರ್ಖಾನೆಗೆ ಸ್ವಂತ ಸೈಡಿಂಗ್, ಅಂದರೆ ಆವರಣದೊಳಗೇ ಬರುವ ಕವಲು ಹಳಿ, ಇದ್ದರೆ ಅಲ್ಲಿ ಲಾರಿ ಪಾಲು ಸೊನ್ನೆ. ಸೈಡಿಂಗ್ ಇಲ್ಲದ ಉದ್ದಿಮೆಗೆ ಎರಡೂ ತುದಿಯಲ್ಲಿ ಈ ಹೆಜ್ಜೆ ಬೇಕು.

7. ನೇರ ಲಾರಿಯ ಜೊತೆ ಹೋಲಿಕೆ

ಹನ್ನೆರಡು ಚಕ್ರದ ಲಾರಿ, 24 ಟನ್, ರಸ್ತೆ ದೂರ 560 ಕಿ.ಮೀ. ಎಂದಿಟ್ಟುಕೊಳ್ಳಿ. ತುಂಬಿ ಬರುವಾಗ ಲೀಟರಿಗೆ 3.3, ಖಾಲಿ ಹೋಗುವಾಗ 5 ಕಿ.ಮೀ. ಬರುವಾಗ 170 ಲೀಟರ್. ಖಾಲಿ ವಾಪಸಾದರೆ ಇನ್ನೂ 112. ಹಿಂದಿರುಗಲು ಬಾಡಿಗೆ ಸಿಕ್ಕರೆ ಟನ್ ಸಿಮೆಂಟಿಗೆ 18.7 ಕಿಲೋ, ಪೂರ್ತಿ ಖಾಲಿ ಹೋದರೆ 31 ಕಿಲೋ, ಎರಡು ಸಲಕ್ಕೊಮ್ಮೆ ಬಾಡಿಗೆ ಸಿಕ್ಕರೆ 24.8 ಕಿಲೋ.

ರೈಲು + ಕೊನೆಯ ಲಾರಿ: 3.9 + 1.3 + 2.6 = 7.8 ಕಿಲೋ. 24.8ರಲ್ಲಿ ಕಳೆದರೆ ಉಳಿತಾಯ ಟನ್ನಿಗೆ 17 ಕಿಲೋ, ರೇಕಿಗೆ 66 ಟನ್. ಗಮನಿಸಿ, ನಾವು ರೈಲಿಗೆ ಪೂರ್ತಿ ಖಾಲಿ ವಾಪಸಾತಿ ಹಾಕಿದ್ದೇವೆ, ಲಾರಿಗೆ ಅರ್ಧ. ಹೀಗೆ ರೈಲಿನ ವಿರುದ್ಧವೇ ತಕ್ಕಡಿ ಓರೆ ಮಾಡಿದರೂ ಉಳಿತಾಯ ನಿಲ್ಲುತ್ತದೆ. ಲೆಕ್ಕಪರಿಶೋಧಕರ ಮುಂದೆ ಇಡಲು ಇಂಥ ಅಂಕಿಯೇ ಗಟ್ಟಿ.

ಎಷ್ಟು ದೂರದ ಮೇಲೆ ರೈಲು ಗೆಲ್ಲುತ್ತದೆ? ಪ್ರತಿ ಕಿ.ಮೀ.ಗೆ ಉಳಿಯುವುದು ಟನ್ನಿಗೆ ಸುಮಾರು 36 ಗ್ರಾಂ. ಒಂದು ತುದಿಯ ಲಾರಿಯ 2.6 ಕಿಲೋ ತೀರಿಸಲು 70 ಕಿ.ಮೀ. ಓಟ ಬೇಕು, ಎರಡೂ ತುದಿಯಲ್ಲಿ ಲಾರಿ ಇದ್ದರೆ 140. ಹಾಗಾಗಿ ಸಂಡೂರಿನ ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸುವಂಥ ಗಿಡ್ಡ ದೂರಕ್ಕೆ, ಗಣಿಯಿಂದ ಸೈಡಿಂಗಿಗೆ ಲಾರಿ ಹಾಕಿ ಅಲ್ಲಿಂದ ರೈಲು ಎನ್ನುವುದರಲ್ಲಿ ಹೆಚ್ಚು ಹುರುಳಿಲ್ಲ. ಅಲ್ಲಿ ಲಾರಿಗೆ ನಿಜವಾದ ಎದುರಾಳಿ ಕನ್ವೇಯರ್ ಬೆಲ್ಟ್.

8. ಎಲ್ಲಿ ತಪ್ಪುತ್ತದೆ

ಖಾಲಿ ವಾಪಸಾತಿ ಯಾರ ತಲೆಗೆ ಎಂಬುದು ನಿತ್ಯದ ತಕರಾರು. ಮುಚ್ಚಿದ ವ್ಯಾಗನ್ ಬೆಂಗಳೂರಿನಲ್ಲಿ ಸಿಮೆಂಟ್ ಇಳಿಸಿ ಇನ್ನೆಲ್ಲಿಗೋ ಬೇರೆ ಸರಕು ತುಂಬಲು ಹೋದರೆ, ಮುಂದಿನ ಲೋಡಿಂಗ್ ಜಾಗದವರೆಗಿನ ಖಾಲಿ ಓಟ ಮಾತ್ರ ನಿಮ್ಮದು. ಮರ್ಮುಗೋವಾ ಬಂದರಿನಿಂದ ತೋರಣಗಲ್ಲಿಗೆ ಆಮದು ಕಲ್ಲಿದ್ದಲು ತರುವ ತೆರೆದ ವ್ಯಾಗನ್ ಅದಿರನ್ನೋ ಉಕ್ಕನ್ನೋ ಹೊತ್ತು ಹಿಂದಿರುಗಿದರೆ ಎರಡಕ್ಕೂ ಖಾಲಿ ಪಾಲು ಇಲ್ಲ. ತೈಲದ ಟ್ಯಾಂಕರ್ ವ್ಯಾಗನ್ ಹಾಗಲ್ಲ. ಅದಕ್ಕೆ ಬೇರೆ ಸರಕು ಹಾಕಲಾಗುವುದಿಲ್ಲ, ಖಾಲಿ ಓಟ ಪೂರ್ತಿ ಅದರದೇ.

ಅರೆ ತುಂಬಿದ ರೇಕ್ ಎರಡನೆಯ ಬಲೆ. 3,900ರ ಬದಲು 2,600 ಟನ್ ಮಾತ್ರ ಏರಿದರೆ ಟನ್ನಿಗೆ 3.9 ಇದ್ದದ್ದು 4.7 ಆಗುತ್ತದೆ. ಸರಕು ಮೂರನೇ ಒಂದು ಪಾಲು ಕಡಿಮೆಯಾದರೂ ವ್ಯಾಗನ್ ತೂಕ ಅಷ್ಟೇ ಇದೆಯಲ್ಲ. ಸಿದ್ಧ ಉಡುಪಿನಂಥ ಹಗುರ ಸರಕು ತುಂಬಿದ ಕಂಟೇನರ್ ಗಾಡಿಗೆ ಇದು ನಿತ್ಯದ ಸ್ಥಿತಿ. 45 ವ್ಯಾಗನ್ ಮೇಲೆ 20 ಅಡಿಯ 90 ಕಂಟೇನರ್ ಕೂತಿದ್ದರೂ ತೂಕ ಅರ್ಧಕ್ಕಿಂತ ಕೆಳಗೆ ಇರಬಹುದು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬೆಂಗಳೂರಿನಲ್ಲೇ 1981ರಲ್ಲಿ ಶುರುವಾಯಿತು. ಇಲ್ಲಿಂದ ಚೆನ್ನೈ ಬಂದರಿಗೆ ಹೋಗುವ ಕಂಟೇನರಿನ ಲೆಕ್ಕದಲ್ಲಿ ಡಬ್ಬಿಯ ಸ್ವಂತ ತೂಕವನ್ನೂ ಖಾಲಿ ಡಬ್ಬಿ ತರಿಸಿಕೊಂಡ ಓಟವನ್ನೂ ಸೇರಿಸಬೇಕು.

ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವ ಕೊಂಕಣ ರೈಲ್ವೆಯ ರೋ-ರೋ ಸೇವೆ (1999ರಿಂದ ಇದೆ, ನಮ್ಮ ಕಡೆ ತುದಿ ಸುರತ್ಕಲ್) ನೋಡಲು ವಿಚಿತ್ರ: 24 ಟನ್ ಸರಕಿಗೆ 11 ಟನ್ ಲಾರಿ, ಅದರ ಕೆಳಗೆ ಇನ್ನೂ ಇಪ್ಪತ್ತನಾಲ್ಕೈದು ಟನ್ ವ್ಯಾಗನ್. ಟನ್ ಸರಕಿಗೆ ಎಳೆಯುವ ತೂಕ ಎರಡೂವರೆ ಟನ್. ಆದರೂ ಟನ್-ಕಿ.ಮೀ.ಗೆ 11 ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೇ ಲಾರಿ ರಸ್ತೆಯಲ್ಲಿ ತುಂಬಿ ಓಡಿದರೆ 33. ಶೆಡ್, ಹಮಾಲಿ, ಎರಡು ಸಲ ಇಳಿಸಿ ಏರಿಸುವ ಕಾಟ ಯಾವುದೂ ಇಲ್ಲ. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಮುಗಿದಿರುವುದರಿಂದ ಗ್ರಿಡ್ ಸುಧಾರಿಸಿದಷ್ಟೂ ಇದೂ ಇಳಿಯುತ್ತದೆ.

ಕೊನೆಯ ತಪ್ಪು ನಕಾಶೆಯದು. ಕರ್ನಾಟಕದ ಸರಕು ಎಂದರೆ ಹುಬ್ಬಳ್ಳಿಯಲ್ಲಿ ಕಚೇರಿ ಇರುವ ನೈಋತ್ಯ ರೈಲ್ವೆಯ ಸರಕು ಎಂದುಕೊಂಡು ಅಂಕಿ ತರಿಸಿಕೊಳ್ಳುವವರಿದ್ದಾರೆ. ವಾಡಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ, ಕರಾವಳಿಯ ಉಳಿದ ಭಾಗ ಕೊಂಕಣ ರೈಲ್ವೆಯಲ್ಲಿ. ಜಿಲ್ಲೆಗೆ ಬೇಕಾದದ್ದು ಶೆಡ್ ಮತ್ತು ಸೈಡಿಂಗ್ ಮಟ್ಟದ ಅಂಕಿ: ಎಷ್ಟು ರೇಕ್ ಏರಿತು, ಎಷ್ಟು ಇಳಿಯಿತು, ಯಾವ ಸರಕು, ಎಲ್ಲಿಂದ ಎಲ್ಲಿಗೆ. ಆಯಾ ವಿಭಾಗದ ವಾಣಿಜ್ಯ ಶಾಖೆಗೆ ಬರೆದು ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಡಿ.

9. ರೇಕಿನಿಂದ ಪ್ರದೇಶಕ್ಕೆ

ತಿಂಗಳಿಗೆ ಹತ್ತು ರೇಕ್ ಸಿಮೆಂಟ್ ಹೊಸದಾಗಿ ರಸ್ತೆಯಿಂದ ಹಳಿಗೆ ಬಂದರೆ ವರ್ಷಕ್ಕೆ 120 × 66, ಸುಮಾರು 7,900 ಟನ್ ಉಳಿತಾಯ. ‘ಹೊಸದಾಗಿ’ ಎಂಬ ಮಾತಿಗೆ ಗೆರೆ ಎಳೆಯಿರಿ. ಮೊದಲಿನಿಂದಲೂ ರೈಲಿನಲ್ಲೇ ಬರುತ್ತಿದ್ದ ಸಿಮೆಂಟನ್ನು ತೋರಿಸಿ ಉಳಿತಾಯ ಎನ್ನಲಾಗದು. ಕಲ್ಲಿದ್ದಲಿನ ಬಹುಪಾಲು ಹಾಗೆಯೇ; ರಾಯಚೂರಿನ 1,720 ಮೆಗಾವಾಟ್ ಸ್ಥಾವರಕ್ಕೆ ಅದು ಮೊದಲಿನಿಂದಲೂ ಹಳಿಯ ಮೇಲೆಯೇ ಬರುತ್ತಿದೆ. ದೇಶದ ರೈಲುಗಳು ಹೊರುವ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಕಲ್ಲಿದ್ದಲೇ ಆಗಿರುವಾಗ, ರೈಲಿನ ಪಾಲು ಏರಿತು ಎಂಬ ಸುದ್ದಿ ಕೇಳಿದೊಡನೆ ಏನು ಏರಿತು ಎಂದು ಕೇಳಿ. ಸಿಮೆಂಟ್, ಉಕ್ಕು, ಗೊಬ್ಬರ, ಕಂಟೇನರ್ ಏರಿದ್ದರೆ ಇಂಗಾಲ ಇಳಿದಿರುತ್ತದೆ. ಕಲ್ಲಿದ್ದಲು ಏರಿದ್ದರೆ ಸಾಗಣೆಯ ಹೊಗೆ ಟನ್ನಿಗೆ ಕಡಿಮೆ ಕಾಣುತ್ತದೆ, ಉರಿಸಿದ ಹೊಗೆ ಬೇರೆ ಪುಟದಲ್ಲಿರುತ್ತದೆ.

ಹೊಸ ಹಳಿ ಕಾಡಿನ ನಡುವೆ ಹೋಗುವುದಾದರೆ ಅದಕ್ಕೊಂದು ಸಾಲು ಬೇಕೇ ಬೇಕು. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಾದ ದಶಕಗಳಿಂದ ಎಳೆಯುತ್ತಿರುವುದು ಇದೇ ಕಾರಣಕ್ಕೆ. ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಜೀವವೈವಿಧ್ಯದ ನಷ್ಟವನ್ನು ಟನ್ನುಗಳಲ್ಲಿ ಹೇಳಲಾಗದು, ಹೇಳಲೂಬಾರದು. ಇಂಗಾಲವನ್ನು ಮಾತ್ರ ಹೇಳಬಹುದು: ಕಾಡಿನ ಅಂಕಿಗಳು ಶುದ್ಧ ಇಂಗಾಲದಲ್ಲಿ ಇರುತ್ತವೆ, ಡೈಆಕ್ಸೈಡಿಗೆ ತರಲು 44/12ರಿಂದ, ಅಂದರೆ 3.67ರಿಂದ ಗುಣಿಸಬೇಕು. ಹೆಕ್ಟೇರಿಗೆ 100 ಟನ್ ಇಂಗಾಲ ಹಿಡಿದಿಟ್ಟ ಕಾಡು 100 ಹೆಕ್ಟೇರ್ ಹೋಯಿತು ಎಂದುಕೊಂಡರೆ 36,700 ಟನ್. ಅದನ್ನು ತೀರಿಸಲು ನಮ್ಮ ಉದಾಹರಣೆಯಂಥ 556 ರೇಕ್ ಬೇಕು, ತಿಂಗಳಿಗೆ ಹತ್ತರಂತೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು. ಘಟ್ಟದ ಹಳಿಯಾದರೆ ಏರಿನ ಪಾಲು ಕಳೆದು ರೇಕಿಗೆ 66 ಟನ್ ಉಳಿಯುವುದೂ ಅನುಮಾನ, ವರ್ಷಗಳು ಅಷ್ಟೇ ಉದ್ದವಾಗುತ್ತವೆ. ನಿಮ್ಮ ಯೋಜನೆಯ ನಿಜವಾದ ಹೆಕ್ಟೇರ್, ನಿಜವಾದ ರೇಕ್ ಸಂಖ್ಯೆ ಹಾಕಿ ಇದೇ ಭಾಗಾಕಾರವನ್ನು ಮತ್ತೆ ಮಾಡಿ.